ಓಲಿನೆ ಅತ್ತೆಯ ಮಣ್ಣಿನ ಬಿಯರ್

ಸೆಪ್ಟೆಂಬರ್ 5, ಭಾನುವಾರ

ಇವತ್ತಿಗೆ ನೂರ ಎಪ್ಪತ್ತು ದಿನ. ಮಾರ್ಚ್ ಹತ್ತೊಂಬತ್ತರಂದು ಜ್ವರ ಬಿಟ್ಟು ಎದ್ದವಳು ಕಾಫಿ ಕಾಯಿಸಿ ಲೋಟ ಮುಖದ ಹತ್ತಿರ ತಂದೆ. ಬರೀ ಬಿಸಿ. ಕಾಫಿ ಎಂಬುದು ಅದರೊಳಗಿಂದ ಎದ್ದು ಹೋಗಿತ್ತು. ಕೊರೊನಾ ಬಂದ ಉಳಿದವರಿಗೆಲ್ಲ ತಿಂಗಳೊಪ್ಪತ್ತಿನಲ್ಲಿ ವಾಸನೆ ಮರಳಿತಂತೆ. ನನ್ನದು ಯಾವ ದಾರಿ ಹಿಡಿಯಿತೋ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ, ಈ ಪುಸ್ತಕಕ್ಕೆ ಮಾತ್ರ. ವೃದ್ಧಾಶ್ರಮದ ಅಡುಗೆಯವಳಿಗೆ ಮೂಗು ಸತ್ತಿದೆ ಎಂದು ತಿಳಿದರೆ ನಾಳೆಯೇ ಪಾತ್ರೆ ತೊಳೆಯಲು ನಿಲ್ಲಿಸುತ್ತಾರೆ.

ಮಧ್ಯಾಹ್ನ ಊಟ ಬಡಿಸಿ ಆಶ್ರಮದ ಮೇಲಿನ ಮಹಡಿಗೆ ಹೋದೆ. ಓಲಿನೆ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಅಪ್ಪನ ಅಕ್ಕ, ತೊಂಬತ್ತೊಂದು ವರ್ಷ, ನಾಲಿಗೆ ಮಾತ್ರ ಇಪ್ಪತ್ತರದ್ದು.

"ಸಿಗ್ನೆ, ಬಾಗಿಲು ಹಾಕು. ಹಿಮ ಕೂತ್ಕೊಳ್ಳೋ ತನಕ ಅಂತೆ ನಾನು."

"ಡಾಕ್ಟರ್ ಹಾಗಂದ್ರಾ?"

"ಅವನು ಏನೂ ಅನ್ಲಿಲ್ಲ. ಅವನ ಮುಖ ಅಂತು. ಅಳಬೇಡ, ಕೆಲಸ ಇದೆ. ನನ್ನ ಮಣ್ಣಿನ ಬಿಯರ್ ನೀನು ಮಾಡ್ಬೇಕು. ಈಗ್ಲೇ."

ನಮ್ಮ ಕಣಿವೆಯಲ್ಲಿ ಮಣ್ಣು ಮಾಡಿ ಬಂದವರಿಗೆ ಸತ್ತವರ ಮನೆಯಲ್ಲೇ ಮಾಡಿದ ಬಿಯರ್ ಕೊಡುತ್ತಾರೆ. ಹಿಂದಿನವರು ತಮ್ಮದಕ್ಕೆ ಬೇಕಾದ ಕಾಳನ್ನು ತಾವೇ ಎತ್ತಿಟ್ಟು ಹೋಗುತ್ತಿದ್ದರು. ಆದರೆ ಬದುಕಿದ್ದಾಗಲೇ ಮಾಡಿಸಿಕೊಂಡವರ ಸುದ್ದಿ ನಾನು ಕೇಳಿಲ್ಲ.

"ಕುಡಿದೇ ಹೋಗ್ತೀನಿ ಕಣೇ," ಅಂದಳು ಅತ್ತೆ. "ಸತ್ತ್ಮೇಲೆ ಎಲ್ರೂ ಸುಳ್ಳು ಹೊಗಳ್ತಾರೆ. ನಿನ್ನ ಡಬ್ಬಿ ಬಿಯರ್ ತಂದ್ರೆ ಮುಖಕ್ಕೆ ಎರಚ್ತೀನಿ, ಈಗ್ಲೇ ಹೇಳಿದೀನಿ. ಕಾಳಿಂದ ಶುರು ಮಾಡು."

ಪ್ರತಿ ಕ್ರಿಸ್ಮಸ್ಸಿಗೆ ನಾನು ಅಂಗಡಿಯ ಡಬ್ಬಿಯಲ್ಲಿ ಬರುವ ಪಾಕಕ್ಕೆ ನೀರು, ಈಸ್ಟ್ ಹಾಕಿ ಬಿಯರ್ ಮಾಡುವವಳು. ಕಾಳು ಆರಿಸಿ, ಮೊಳಕೆ ಬರಿಸಿ, ಹೊಗೆಯಲ್ಲಿ ಒಣಗಿಸಿ ಮಾಡಿದ್ದೇ ಇಲ್ಲ. ಹಾಗೆಂದೆ.

"ಕಲಿ. ನಮ್ಮ ಮನೆತನದ ಮೂಗು ಯಾರಿಗೆ ಬಂದಿದೆ? ನಮ್ಮಪ್ಪಂಗಿತ್ತು, ನಂಗೆ ಬಂತು, ನಿಂಗೆ ಬಂತು. ಆ ಮೂಗಿದ್ರೆ ಉಳಿದದ್ದೆಲ್ಲ ತಾನಾಗೇ ಬರತ್ತೆ."

ಇಡೀ ಕಣಿವೆಯ ಜನ ತಾವು ಒಣಗಿಸಿದ ಕಾಳನ್ನು ಅತ್ತೆಯ ಮುಖದ ಮುಂದೆ ಹಿಡಿದು ತೀರ್ಪು ಕೇಳುತ್ತಿದ್ದರು. ಅಂಥವಳಿಗೆ ಏನು ಹೇಳಲಿ? ಆಗಲಿ ಅತ್ತೆ ಅಂದೆ.

ಸೆಪ್ಟೆಂಬರ್ 8, ಬುಧವಾರ

ನೂರ ಎಪ್ಪತ್ತಮೂರು. ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಗೆ ತಿಳಿಯುತ್ತದೆ, ಅಷ್ಟರಲ್ಲೇ ಸಂಸಾರ ಸಾಗುತ್ತಿದೆ. ಹಾಲಿನ ತಾರೀಕು ಎರಡೆರಡು ಸಲ ಓದುತ್ತೇನೆ. ಬೆಣ್ಣೆ ಕರಗುವ ಸದ್ದು ಕೇಳಿ ಒಲೆ ಆರಿಸುತ್ತೇನೆ. ಜೂನಿನಲ್ಲಿ ಹಾಳಾದ ಸಾಮನ್ ಮೀನನ್ನು ಬಾಣಲೆಗೆ ಹಾಕಿಯೇಬಿಟ್ಟಿದ್ದೆ. ಪಾತ್ರೆ ತೊಳೆಯುವವಳು ಮೂಗು ಮುಚ್ಚಿಕೊಂಡು ಓಡಿ ಬಂದಳು. "ಫೋನ್‌ನಲ್ಲಿದ್ದೆ, ಗಮನ ಇರ್ಲಿಲ್ಲ," ಎಂದು ನಕ್ಕುಬಿಟ್ಟೆ. ಆಮೇಲೆ ಉಗ್ರಾಣದ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ವಾಸನೆ ಈಗ ಕನಸಿನಲ್ಲಿ ಮಾತ್ರ. ನಿನ್ನೆ ಅಮ್ಮನ ಮಳೆಕೋಟು ಬಂತು. ಅಮ್ಮ ಇರಲಿಲ್ಲ, ಕೋಟು ಒಂದೇ ಅಂಗಳದ ಹಗ್ಗದ ಮೇಲಿತ್ತು. ರಬ್ಬರು, ಹೆರಿಂಗ್ ಮೀನು, ಅಮ್ಮನ ಸೋಪು. ತೋಳಿನೊಳಗೆ ಮುಖ ಹುದುಗಿಸಿ ನಿಂತಿದ್ದೆ. ಎದ್ದ ಮೇಲೂ ಸ್ವಲ್ಪ ಹೊತ್ತು ದಿಂಬಿನ ಸುತ್ತ ಅದು ಸುಳಿಯುತ್ತಿತ್ತು, ಆಮೇಲೆ ಹೋಯಿತು.

ಸೆಪ್ಟೆಂಬರ್ 11, ಶನಿವಾರ

ನೂರ ಎಪ್ಪತ್ತಾರು. ಹಾಲ್ದೋರ್‌ನ ಕಣಜಕ್ಕೆ ಹೋಗಿದ್ದೆ. ಹಾಲ್ದೋರ್ ನಮ್ಮ ಪಕ್ಕದ ಹೊಲದವನು, ಹಳ್ಳದ ದಂಡೆಯ ಮೊಳಕೆಮನೆಯ ಹಿರಿಯ. ಏಳು ಮನೆಯವರು ಸೇರಿ ನಡೆಸುವ ಮನೆ ಅದು. ಬಾರ್ಲಿ ಮೊಳಕೆ ಬರಿಸಿ ಒಣಗಿಸಲು ಒಂದೊಂದು ಮನೆಗೆ ಒಂದೊಂದು ವಾರದ ಪಾಳಿ. ನಮ್ಮದು ಮುಂದಿನ ವಾರ.

ಅವನು ಕೊಯ್ಲಿನ ಯಂತ್ರದ ಮೇಲಿದ್ದ. ಮೇಲಿನಿಂದಲೇ ಕೂಗಿದ: "ಬೇಕಾದ್ದು ತಗೋ! ಗುಲಾಬಿ ಬಣ್ಣ ಬಳಿದಿರೋದು ಮುಟ್ಬೇಡ, ಅದು ಬಿತ್ತನೇದು, ವಿಷ! ಆರು ಸಾಲಿನ ತೆನೇದು ದನಕ್ಕೆ. ಎರಡು ಸಾಲಿಂದು ತಗೋ, ಕಾಳು ದಪ್ಪ ಇರತ್ತೆ!"

ಎರಡು ಸಾಲಿನದೇ ಎರಡು ರಾಶಿ ಇತ್ತು. ಒಂದು ಹೋದ ವರ್ಷದ್ದು, ಬಣ್ಣ ಮಾಸಿದ್ದು. ಇನ್ನೊಂದು ಈ ವರ್ಷದ್ದು, ತುಂಬಿದ ಕಾಳು, ಬೊಗಸೆಗೆ ತೆಗೆದುಕೊಂಡರೆ ಮಿರಮಿರ ಮಿಂಚುತ್ತಿತ್ತು. ಎರಡರಿಂದಲೂ ಒಂದೊಂದು ಹಿಡಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಅತ್ತೆಯ ಹತ್ತಿರ ಹೋದೆ.

"ಯಾವುದು ಏನು ಅಂತ ಬಾಯಿ ಬಿಡ್ಬೇಡ," ಅಂದಳು. "ಮೂಗು ಹೇಳತ್ತೆ."

ಕಣ್ಣು ಮುಚ್ಚಿ ಎಡಗೈಯ ಕಾಳು ಮೂಸಿದಳು, ಬಲಗೈಯದು ಮೂಸಿದಳು. ಮುಖದಲ್ಲಿ ಎಂಥ ಗಾಂಭೀರ್ಯ! ಚರ್ಚಿನಲ್ಲೂ ಅವಳು ಹಾಗೆ ಕೂತದ್ದನ್ನು ನಾನು ಕಂಡಿಲ್ಲ.

"ಇದು. ಇದ್ರಲ್ಲಿ ಜೀವ ಇದೆ." ಬಲಗೈಯದು ಹೊಸ ಬಾರ್ಲಿ. "ನೀನೂ ನೋಡು."

ನಾನೂ ಕಣ್ಣು ಮುಚ್ಚಿ ಉಸಿರೆಳೆದೆ. ತಣ್ಣಗಿನ ಗಾಳಿ. "ಹೌದತ್ತೆ," ಅಂದೆ, "ಜೀವ ಇದೆ." ಅತ್ತೆಗೆ ಎಷ್ಟು ಸಂತೋಷವಾಯಿತೆಂದರೆ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಸೆಪ್ಟೆಂಬರ್ 14, ಮಂಗಳವಾರ

ಗೋಣಿಚೀಲದಲ್ಲಿ ಕಾಳು ತುಂಬಿ ಹಳ್ಳಕ್ಕೆ ಇಳಿಬಿಟ್ಟೆ. ಎರಡು ದಿನ ನೆನೆಯಬೇಕು. ಮಂಜು ಕಡಲಿನ ಕಡೆಯಿಂದ ಬಂದು ಹಳ್ಳದುದ್ದಕ್ಕೂ ಮಲಗಿತ್ತು. ನೀರು ಎಲ್ಲಿ ಮುಗಿದು ಮಂಜು ಎಲ್ಲಿ ಶುರು ಎಂದು ತಿಳಿಯುತ್ತಿರಲಿಲ್ಲ. ಟ್ರೊಂಡ್ಹೈಮಿನ ವಿಮಾನವೊಂದು ಕಣ್ಣಿಗೆ ಕಾಣದೆ ತಲೆಯ ಮೇಲೆ ಇಳಿದು ಹೋಯಿತು. ಕಲ್ಲಿನ ಮೇಲೆ ಕೂತು ಚೀಲ ಅಲುಗುವುದನ್ನೇ ಒಂದು ಗಂಟೆ ನೋಡಿದೆ.

ಸೆಪ್ಟೆಂಬರ್ 21, ಮಂಗಳವಾರ

ನೂರ ಎಂಬತ್ತಾರು. ಎಲ್ಲ ಕೆಟ್ಟಿತು.

ಐದು ದಿನದಿಂದ ಮೊಳಕೆಮನೆಯ ನೆಲದ ಮೇಲೆ ಹರಡಿದ ಕಾಳು ಹಾಗೇ ಇದೆ. ಇಲ್ಲೊಂದು ಅಲ್ಲೊಂದು ಬಿಳಿ ಚುಕ್ಕಿ, ಅಷ್ಟೇ. ದಿನಕ್ಕೆ ಮೂರು ಸಲ ಮರದ ಹಲುಬೆಯಿಂದ ತಿರುವಿ ತಿರುವಿ ಹಾಕಿದ್ದೇನೆ, ನೀರು ಚಿಮುಕಿಸಿದ್ದೇನೆ, ನಾಚಿಕೆಯಿಲ್ಲದೆ ಮಾತೂ ಆಡಿಸಿದ್ದೇನೆ. ಕೊನೆಗೆ ಹಾಲ್ದೋರ್‌ನನ್ನು ಕರೆದೆ. ಹೊಸ್ತಿಲಲ್ಲೇ ನಿಂತು ಮುಖ ಕಿವಿಚಿದ.

"ಹುಳಿ ಹೊಡೀತಿದೆಯಲ್ಲ ಮಾರಾಯ್ತಿ! ನಿಂಗೆ ಗೊತ್ತಾಗ್ಲಿಲ್ವಾ?"

"ನೆಗಡಿ ನಂಗೆ," ಅಂದೆ.

ಒಂದು ಕಾಳು ಕಚ್ಚಿ ನೋಡಿ, ಉಗುಳಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಇದು ಈ ವರ್ಷದ್ದಲ್ವಾ? ಕೊಯ್ದು ಎರಡು ವಾರ ಆಗಿರ್ಲಿಲ್ಲ, ನೀರು ಹಾಕಿ ಎಬ್ಬಿಸಕ್ಕೆ ಹೊರಟಿದ್ದೀಯಾ! ಹೊಸ ಬಾರ್ಲಿ ಮಲಗಿರತ್ತೆ ಸಿಗ್ನೆ. ಕ್ರಿಸ್ಮಸ್ ಹೊತ್ತಿಗೆ ಏಳತ್ತೆ. ಅದಕ್ಕೇ ಎಲ್ರೂ ಹೋದ ವರ್ಷದ್ದು ತಗೊಳ್ಳೋದು. ನಿಮ್ಮತ್ತೆಗೆ ಇದು ಗೊತ್ತಿಲ್ವಾ?"

"ಅತ್ತೆಗೆ ಯಾವ ವರ್ಷದ್ದು ಅಂತ ಹೇಳಿರ್ಲಿಲ್ಲ. ಅವಳು ಮೂಸಿ ಆರಿಸಿದ್ಲು."

ಅವನ ನಗು ನಿಂತಿತು. ಕಾಳನ್ನೆಲ್ಲ ಅವನ ಹಂದಿಗಳಿಗೆ ಹಾಕಿದೆವು. ಅತ್ತೆ ಇರುವುದು ಹಿಮದ ತನಕ ಅಷ್ಟೇ ಎಂದು ಅವನಿಗೆ ಹೇಳಿದೆ. ತನ್ನ ಪಾಳಿಯ ವಾರ ನನಗೆ ಬಿಟ್ಟುಕೊಟ್ಟ. ಅಕ್ಟೋಬರ್ ಒಂದರಿಂದ.

ಅತ್ತೆಗೆ ಹೇಳಿದೆ. ಬೈಯುತ್ತಾಳೆಂದು ತಯಾರಾಗಿ ಹೋಗಿದ್ದೆ. ಬೈಯಲಿಲ್ಲ. ಕಿಟಕಿಯ ಕಡೆ ತಿರುಗಿ, "ನನ್ನದೇ ತಪ್ಪಿರ್ಬೇಕು ಬಿಡು," ಅಂದಳು. ಅತ್ತೆಯ ಬಾಯಿಂದ ಈ ಮಾತು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕಾಯಿಲೆ ಜೋರಾಗಿದೆ ಎಂದುಕೊಂಡು ಹೆದರಿದೆ.

ಸೆಪ್ಟೆಂಬರ್ 25, ಶನಿವಾರ

ನೂರ ತೊಂಬತ್ತು. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂ ಆರಿಸುವ ದಿನ. ತಡವಾದರೆ ಒಣಗಿ ಉದುರುತ್ತವೆ.

ಮುಂದೆ ಮೂರು ದಾರಿ ಇತ್ತು. ಹಾಲ್ದೋರ್ ಪೇಟೆಯಿಂದ ತಂದ ಪೊಟ್ಟಣ: ಹಸಿರು ಗುಳಿಗೆಗಳು, ಇಲಿ ಹಿಕ್ಕೆ ತರಹ. ಅವನ ಕೊಟ್ಟಿಗೆಯಲ್ಲಿ ತೂಗುಬಿಟ್ಟ ಹೋದ ವರ್ಷದ ಒಣ ಹೂ. ಮೂರನೆಯದು ಪಾದ್ರಿಯ ಮನೆಯ ದಕ್ಷಿಣದ ಗೋಡೆಗೆ ಹಬ್ಬಿದ ಬಳ್ಳಿ. ಯಾರು ನೆಟ್ಟರೋ ಯಾರಿಗೂ ಗೊತ್ತಿಲ್ಲ. ಈ ಸಲ ಮೂಸುವ ನಾಟಕ ಬೇಡ ಎಂದು ನಿರ್ಧರಿಸಿದೆ. ಕೈ ಇದೆ, ನಾಲಿಗೆ ಇದೆ, ಕಣ್ಣಿದೆ.

ಗುಳಿಗೆ ಬಾಯಿಗೆ ಹಾಕಿಕೊಂಡರೆ ಕಹಿ ಒಂದೇ ಏಟಿಗೆ ಗಂಟಲು ಹಿಡಿಯಿತು. ಕೊಟ್ಟಿಗೆಯ ಹೂ ಬೆರಳಲ್ಲಿ ಪುಡಿಯಾಯಿತು, ಒಳಗೆ ಹಳದಿ ಹುಡಿ ಕಂದಾಗಿತ್ತು, ರುಚಿಯೇ ಇಲ್ಲ. ಪಾದ್ರಿಯ ಏಣಿ ಹಾಕಿ ಗೋಡೆ ಹತ್ತಿದೆ. ಬಿಸಿಲು ಎಲೆಗಳೊಳಗೆ ಮಲಗಿತ್ತು, ಎರಡು ದುಂಬಿ ಎದ್ದು ಹೋಗಲೂ ಮನಸ್ಸಿಲ್ಲದೆ ಕೂತಿದ್ದವು. ಹೂವನ್ನು ಕಿವಿಯ ಹತ್ತಿರ ಹಿಸುಕಿದರೆ ಕಾಗದದ ಸದ್ದು. ಬಿಡಿಸಿದರೆ ಒಳಗೆ ಹೊಳೆಯುವ ಹಳದಿ ಹುಡಿ, ಬೆರಳು ಅಂಟಿಕೊಂಡವು. ಕಹಿ ನಿಧಾನವಾಗಿ ಬಂತು, ನಿಧಾನವಾಗಿ ಹೋಯಿತು. ಇದೇ ಎಂದುಕೊಂಡೆ. ಎರಡು ಬುಟ್ಟಿ ತುಂಬಿಸಿದೆ.

ಅತ್ತೆಗೆ ತೋರಿಸಿದೆ. ಈ ಸಲ ಅವಳೂ ಮೂಸಲಿಲ್ಲ. ಬೆರಳಲ್ಲಿ ಉಜ್ಜಿ ನೋಡಿ ತಲೆಯಾಡಿಸಿದಳು.

"ಎಷ್ಟು ಹಾಕ್ಲಿ ಅತ್ತೆ?"

"ಕಮ್ಮಿ ಹಾಕು. ಸಾವಿಗೆ ಬರೋರ ಬಾಯಿ ಮೊದ್ಲೇ ಕಹಿಯಾಗಿರತ್ತೆ. ಪಾದ್ರಿ ಏನಂದ?"

"ಯಾವ ಸಂತೋಷಕ್ಕೆ ಅಂತ ಕೇಳಿದ್ರು. ನೀವೇ ಬಂದು ಮಣ್ಣು ಹಾಕೋದಕ್ಕೆ ಅಂದೆ."

ಅತ್ತೆ ನಕ್ಕು ನಕ್ಕು ಕೆಮ್ಮಿದಳು. ಸಂಜೆ ಕೈಗೆ ಹತ್ತಿದ್ದು ಮೂರು ಸಲ ಸೋಪು ಹಾಕಿದರೂ ಹೋಗಲಿಲ್ಲ. ಬ್ರೆಡ್ಡಿನ ಮೇಲೆ ಕಂದು ಚೀಸ್ ಇಟ್ಟು ತಿನ್ನುವಾಗಲೂ ಬೆರಳಲ್ಲಿ ಆ ಗೋಡೆಯೇ ಇತ್ತು.

ಸೆಪ್ಟೆಂಬರ್ 28, ಮಂಗಳವಾರ

ಹೋದ ವರ್ಷದ ಬಾರ್ಲಿಯಿಂದ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ತೊಂಬತ್ತಾರು ಎದ್ದಿವೆ! ಮಾಸಲು ಬಣ್ಣದ್ದು ಎಂದು ಮೂಗು ಮುರಿದಿದ್ದೆ, ಅದೇ ಎದ್ದು ಕೂತಿದೆ. ಪರೀಕ್ಷೆ ಮಾಡಿ ನೋಡುವುದು ಇಷ್ಟು ಸುಲಭ ಎಂದು ಮೊದಲೇ ತಿಳಿದಿದ್ದರೆ ಹತ್ತು ದಿನ ಉಳಿಯುತ್ತಿತ್ತು.

ಯಾಕೋ ಕಾಫಿ ಸೇರುತ್ತಿಲ್ಲ. ಲೋಟ ಎತ್ತಿದರೆ ಸುಟ್ಟ ಟಯರ್ ನೆನಪಾಗುತ್ತದೆ. ಹೊಟ್ಟೆ ಕೆಟ್ಟಿರಬೇಕು. ಚಹಾ ಕುಡಿಯುತ್ತಿದ್ದೇನೆ.

ಅಕ್ಟೋಬರ್ 5, ಮಂಗಳವಾರ

ಮೊಳಕೆ ಬಂದಿದೆ, ಮೊಳಕೆ ಬಂದಿದೆ! ಇಡೀ ನೆಲ ಬಿಳಿ ಬೇರಿನ ಜಾಲ. ಬೂಟು ಬಿಚ್ಚಿ ಬರಿಗಾಲಲ್ಲಿ ನಿಂತೆ. ರಾಶಿ ಬೆಚ್ಚಗಿದೆ, ಒಳಗೆ ಯಾರೋ ಉಸಿರಾಡುತ್ತಿರುವ ಹಾಗೆ. ಹಲುಬೆ ಎಳೆದರೆ ಸರ್‌ ಎಂದು ಬಿಡಿಸಿಕೊಳ್ಳುತ್ತದೆ.

ಮಧ್ಯಾಹ್ನ ಅಂಗಳದಲ್ಲಿ ಹಾಪ್ಸ್ ಹರವಿ ಬಾಗಿಲ ಮೆಟ್ಟಿಲ ಮೇಲೆ ತೂಕಡಿಸುತ್ತಿದ್ದೆ. ಕನಸಿನಲ್ಲಿ ಮಳೆ ಬಂತು, ಒಣಮಣ್ಣಿನ ಮೇಲೆ ಬೀಳುವ ಮಳೆ. ಎದ್ದವಳೇ ಬುಟ್ಟಿಗಳನ್ನು ಒಳಗೆ ಎಳೆದುಕೊಂಡೆ. ಆಕಾಶ ನೀಲಿ ಇತ್ತು, ಹಾಲ್ದೋರ್ ಬೇಲಿಯಾಚೆಯಿಂದ ತಮಾಷೆ ಮಾಡಿದ. "ಏನು ಸಿಗ್ನೆ, ಬಿಸಿಲಿಗೆ ಹೆದ್ರಿ ಓಡ್ತಿದ್ದೀಯಾ?" ಕಾಲು ಗಂಟೆಯಲ್ಲಿ ಧೋ ಎಂದು ಸುರಿಯಿತು, ಅವನೇ ನೆನೆದು ಓಡಿದ. ಹೇಗೋ ಗೊತ್ತಾಗಿತ್ತು ನನಗೆ.

ಅಕ್ಟೋಬರ್ 9, ಶನಿವಾರ

ಒಣಗಿಸುವ ದಿನ. ಬೆಳಕು ಹರಿಯುವ ಮುಂಚೆ ಶುರು ಮಾಡಿ ಸಂಜೆಯ ತನಕ. ತೂತು ಕೊರೆದ ಹಲಗೆಗಳ ಮೇಲೆ ಮೊಳಕೆ ಕಾಳು, ಕೆಳಗೆ ಆಲ್ಡರ್ ಮರದ ಬೆಂಕಿ. ಬೇರೆ ಸೌದೆ ಹಾಕುವಂತಿಲ್ಲ. ಬೆಂಕಿ ಜೋರಾದರೆ ಕಾಳು ಬೇಯುತ್ತದೆ, ಕಡಿಮೆಯಾದರೆ ಮೊಳಕೆ ಬೆಳೆಯುತ್ತಲೇ ಹೋಗುತ್ತದೆ.

"ಹೊಗೆ ಸಿಹಿಯಾಗಿರ್ಬೇಕು," ಅಂದ ಹಾಲ್ದೋರ್. "ಖಾರ ಆದ್ರೆ ಸೌದೆ ಹಸಿ ಅಂತ ಅರ್ಥ. ಮೂಗಿಗೆ ಕೆಲ್ಸ ಕೊಡು."

ಅವನು ನನ್ನ ಪಕ್ಕವೇ ಬೆಂಚಿನ ಮೇಲೆ ಕೂತ. ಬೆಳಗಿನಿಂದ ಟ್ರಾಕ್ಟರ್ ಬಿಚ್ಚಿ ಹಾಕಿದ್ದನಂತೆ.

"ಆ ಜಾಕೀಟು ಹೊರಗೆ ಹಾಕಿ ಬಾ ಮಾರಾಯ, ತಲೆ ನೋಯ್ತಿದೆ," ಅಂದೆ. "ಡೀಸೆಲ್ ಕುಡಿದು ಬಂದಿದ್ದೀಯಾ?"

ಗೊಣಗಿಕೊಂಡು ಹೊರಗೆ ಹಾಕಿ ಬಂದ. ಹೆಂಡತಿ ಹೋದ ಮೇಲೆ ತನಗೆ ಹೀಗೆ ಹೇಳುವವರೇ ಇಲ್ಲ ಅಂದ. ಅವನ ಮುಖ ನೋಡಿ ನಗಬೇಕೋ ಏನೋ ತಿಳಿಯಲಿಲ್ಲ. ಒಟ್ಟಿಗೆ ಬೇಯಿಸಿದ ಆಲೂಗಡ್ಡೆ, ಉಪ್ಪುಮೀನು ತಿಂದೆವು. ಹನ್ನೊಂದರ ಸುಮಾರಿಗೆ ಸೌದೆಯ ಒಂದು ಕೊರಡು ಹೊರಗೆಳೆದು ಹಾಕಿದೆ, ಹಸಿ ಅನ್ನಿಸಿತು. ಕಡಿದು ನೋಡಿದರೆ ಒಳಗೆ ನಿಜಕ್ಕೂ ಒದ್ದೆ. ಕಾಳು ಉಜ್ಜಿದರೆ ಬೇರು ಉದುರಬೇಕು, ಕಚ್ಚಿದರೆ ಟಕ್ಕೆನ್ನಬೇಕು. ನಾಲ್ಕು ಗಂಟೆಗೆ ಟಕ್ಕೆಂದಿತು.

ಅಕ್ಟೋಬರ್ 10, ಭಾನುವಾರ

ರಾತ್ರಿಯಿಡೀ ಹೊಗೆಯ ಕನಸು. ದಿಂಬು, ಕೂದಲು, ಬೆರಳು, ಎಲ್ಲ ಹೊಗೆ. ಅಪ್ಪನ ಹೆಗಲ ಮೇಲೆ ಕೂತು ಮೊಳಕೆಮನೆಯಿಂದ ಮನೆಗೆ ಬರುತ್ತಿದ್ದೆ, ಅಪ್ಪನ ಟೋಪಿಯಲ್ಲೂ ಅದೇ. ಬೆಳಿಗ್ಗೆ ತಲೆ ಸ್ನಾನ ಮಾಡುವ ತನಕ ಕನಸು ಬಿಟ್ಟು ಹೋಗಲೇ ಇಲ್ಲ. ಇಷ್ಟು ಹೊತ್ತು ನಿಂತ ಕನಸು ಇದೇ ಮೊದಲು.

ಅಕ್ಟೋಬರ್ 13, ಬುಧವಾರ

ಅತ್ತೆ ಈಗ ಹಾಸಿಗೆಯಲ್ಲೇ. ಸೂಪು ಎರಡು ಚಮಚ.

"ಎಷ್ಟು ದಿನ ಇನ್ನೂ?" ಅಂದಳು.

"ಕಾಳು ಹದ ಆಗ್ಬೇಕು ಅತ್ತೆ. ಹತ್ತು ದಿನ. ಆಮೇಲೆ ಬಿಯರ್‌ಗೆ ಮೂರು ವಾರ."

"ಸರಿ. ಕಾಯ್ತೀನಿ. ಬೇರೆ ಏನೂ ಕೆಲ್ಸ ಇಲ್ಲವಲ್ಲ."

ಬೆಟ್ಟದ ತುದಿಯಲ್ಲಿ ಬೆಳ್ಳಗೆ ಕಾಣುತ್ತಿದೆ. ಕಿಟಕಿಯ ಪರದೆ ಎಳೆದು ಬಂದೆ.

ಅಕ್ಟೋಬರ್ 23, ಶನಿವಾರ

ಬೆಳಿಗ್ಗೆ ಆರಕ್ಕೆ ಒಲೆ. ಜುನಿಪರ್ ಪೊದೆಯ ಕೊಂಬೆ ಹಾಕಿ ನೀರು ಕಾಯಿಸಿದೆ. ಕಾಳನ್ನು ತೀರ ಹಿಟ್ಟಾಗದಂತೆ ಒಡೆದದ್ದಾಗಿತ್ತು. ಬಿಸಿನೀರಿನಲ್ಲಿ ಕಲಸಿ, ಮರದ ತೊಟ್ಟಿಗೆ ಕಂಬಳಿ ಹೊದಿಸಿ, ಮೂರು ಗಂಟೆ ಅದರ ಪಕ್ಕದಲ್ಲೇ ಕೂತೆ. ಹಾಲ್ದೋರ್ ಬಾಗಿಲ ಚೌಕಟ್ಟಿಗೆ ಒರಗಿ ಪೈಪು ತುಂಬಿಸುತ್ತ ನಿಂತಿದ್ದ. ಹಬೆಯಲ್ಲಿ ಕಿಟಕಿ ಮಸುಕಾಗಿ ಹೊರಗಿನ ಹೊಲ ಇಲ್ಲವಾಯಿತು.

ತೊಟ್ಟಿಯ ತಳದ ಬಿರಡೆ ಎಳೆದಾಗ ಸಿಹಿರಸ ಜುನಿಪರ್ ಕೊಂಬೆಗಳ ನಡುವಿನಿಂದ ಸೋಸಿಕೊಂಡು ಬಂತು, ಕಂದು, ತೆಳ್ಳಗೆ, ನಿಧಾನ. ಹಾಪ್ಸ್ ಹಾಕುವಾಗ ಕೈ ತಡೆಯಿತು. ಬುಟ್ಟಿಯ ಅರ್ಧ ಹಾಕಿದೆ. ಇನ್ನೊಂದು ಹಿಡಿ ಎತ್ತಿಕೊಂಡು ಮತ್ತೆ ಕೆಳಗಿಟ್ಟೆ. ಸಾಕು ಅನ್ನಿಸಿತು.

ಇದರ ನಡುವೆ ಒಲೆಯಲ್ಲಿ ಬ್ರೆಡ್ಡು ಇದ್ದದ್ದು ಮರೆತೇಹೋಗಿತ್ತು. ಇದ್ದಕ್ಕಿದ್ದಂತೆ ನೆನಪಾಗಿ ಓಡಿದೆ, ಅಂಚು ಮಾತ್ರ ಕಪ್ಪಾಗಿತ್ತು.

"ನಿಂಗೆ ಬೆನ್ನಲ್ಲೂ ಕಣ್ಣಿದೆ," ಅಂದ ಹಾಲ್ದೋರ್.

ಸಂಜೆ ಈಸ್ಟ್ ಹಾಕಿ ಪೀಪಾಯಿ ಮುಚ್ಚಿದೆ. ಇನ್ನು ನನ್ನ ಕೈಯಲ್ಲೇನೂ ಇಲ್ಲ. ಅತ್ತೆ ಕಾಯಬೇಕು, ಬಿಯರೂ ಕಾಯಬೇಕು. ಅವಳಿಲ್ಲದ ಮೇಲೆ ಈ ಪೀಪಾಯಿ ತೆರೆಯುವ ಹಾಗಾದರೆ ನಾನು ಅದನ್ನು ಹಳ್ಳಕ್ಕೆ ಸುರಿಯುತ್ತೇನೆ.

ನವೆಂಬರ್ 1, ಸೋಮವಾರ

ಪೀಪಾಯಿಗೆ ಕಿವಿ ಇಟ್ಟರೆ ಗುಳುಗುಳು. ಅತ್ತೆಯ ಎದೆಗೆ ಕಿವಿ ಇಟ್ಟರೂ ಹಾಗೇ ಕೇಳುತ್ತದೆ. ನರ್ಸು ಬೇಡ ಅಂದರೂ ಇವತ್ತು ಪಕ್ಕದಲ್ಲೇ ಮಲಗಿಕೊಂಡೆ, ಮಧ್ಯಾಹ್ನದ ಹೊತ್ತು. ಅತ್ತೆಯ ಕುತ್ತಿಗೆ ಕರ್ಪೂರದ ಎಣ್ಣೆ, ಹಳೆಯ ಉಣ್ಣೆ. ನಾನು ಚಿಕ್ಕವಳು. ನಿದ್ದೆ ಹತ್ತಿತ್ತು ಅನ್ನಿಸುತ್ತದೆ.

ನವೆಂಬರ್ 9, ಮಂಗಳವಾರ

ಹಿಮ ಬಿತ್ತು. ನಿಲ್ಲಲಿಲ್ಲ. ಕರಗಿತು.

ನವೆಂಬರ್ 14, ಭಾನುವಾರ

ಬರೆಯುವುದು ಬಹಳ ಇದೆ. ಕ್ರಮವಾಗಿ ಬರೆಯುತ್ತೇನೆ.

ಹತ್ತು ಗಂಟೆಗೆ ಪೀಪಾಯಿ ತೆರೆದು ಹೂಜಿ ತುಂಬಿಸಿದೆ. ರುಚಿ ನೋಡಲಿಲ್ಲ, ಮೊದಲ ಗುಟುಕು ಅತ್ತೆಯದು ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಹಾಲ್ದೋರ್ ಮೊಳಕೆಮನೆಯ ಮರದ ಬೋಗುಣಿ ಹಿಡಿದು ಬಂದ. ಇದಕ್ಕೆಂದೇ ಮದುವೆಗೆ ಹಾಕುವ ಕರಿ ಕೋಟು ಹಾಕಿದ್ದ! ಅತ್ತೆಯನ್ನು ದಿಂಬಿಗೆ ಒರಗಿಸಿ ಕೂರಿಸಿದೆವು. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಏನಯ್ಯಾ, ನನ್ನನ್ನೇ ಹೆಣ್ಣು ಕೇಳಕ್ಕೆ ಬಂದ್ಯಾ?"

"ತಡ ಆಯ್ತು ಅಂತೀರಾ?" ಅಂದ ಹಾಲ್ದೋರ್.

ಬೋಗುಣಿ ತುಂಬಿಸಿ ಅವಳ ಕೈಗೆ ಕೊಟ್ಟು, ಕೆಳಗಿನಿಂದ ನಾನು ಹಿಡಿದುಕೊಂಡೆ. ಒಂದು ಗುಟುಕು ತೆಗೆದುಕೊಂಡಳು. ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದಳು. ನುಂಗಿದಳು.

"ಹಾಲ್ದೋರ್, ಕೆಳಗೆ ಹೋಗಿ ನರ್ಸುಗಳಿಗೂ ಒಂದೊಂದು ಲೋಟ ಕೊಟ್ಟು ಬಾ," ಅಂದಳು. ಅವನು ಹೂಜಿಯಿಂದ ಒಂದಿಷ್ಟು ಬಗ್ಗಿಸಿಕೊಂಡು ಹೋದ. ಬಾಗಿಲು ಮುಚ್ಚಿದ ಮೇಲೆ ಅತ್ತೆ ನನ್ನ ಮಣಿಕಟ್ಟು ಹಿಡಿದಳು.

"ಸಿಗ್ನೆ. ಹೇಗಿದೆ ವಾಸನೆ? ಹೇಳು."

"ನಿಂಗೆ ನಾನೇನು ಹೇಳೋದು ಅತ್ತೆ? ನೀನೇ ಹೇಳು."

"ನಂಗೆ ಗೊತ್ತಾಗಲ್ಲ ಕಣೇ."

ಅವಳು ನನ್ನ ಮಣಿಕಟ್ಟು ಬಿಡಲಿಲ್ಲ.

"ಹನ್ನೆರಡು ವರ್ಷ ಆಯ್ತು. ಒಂದೇ ದಿನಕ್ಕೆ ಹೋಗ್ಲಿಲ್ಲ, ಒಂದೊಂದಾಗಿ ಹೋಯ್ತು. ಮೊದ್ಲು ಹೂವು, ಆಮೇಲೆ ಬ್ರೆಡ್ಡು, ಕೊನೇಲಿ ಹೊಗೆ. ಜನ ಬಂದು ಮುಖದ ಮುಂದೆ ಕಾಳು ಹಿಡೀತಿದ್ರು. ಏನ್ ಮಾಡ್ಲಿ? ಕಣ್ಣು ಮುಚ್ಚಿ ಏನೋ ಒಂದು ಹೇಳ್ತಿದ್ದೆ. ಅವರು ಹೌದು ಹೌದು ಅಂತ ಹೋಗ್ತಿದ್ರು. ಒಬ್ನಾದ್ರೂ ಇಲ್ಲ ಅಂದಿದ್ರೆ ಒಪ್ಕೊಂಡ್ಬಿಡ್ತಿದ್ದೆ."

"ಹಾಗಾದ್ರೆ ಆ ಹೊಸ ಬಾರ್ಲಿ?"

"ಬಲಗೈಲಿತ್ತು. ಅದಕ್ಕೇ ಹೇಳ್ದೆ. ಆದ್ರೆ ನೀನೂ ಮೂಸಿ ಹೌದು ಅಂದ್ಯಲ್ಲ ಮತ್ತೆ!"

ನನಗೆ ಏನಾಯಿತೋ. ಇಷ್ಟು ತಿಂಗಳು ಯಾರಿಗೂ ಹೇಳದ್ದು ಬಾಯಿಂದ ಹಾರಿಬಿಟ್ಟಿತು.

"ನಂಗೂ ಇಲ್ಲ ಅತ್ತೆ. ಮಾರ್ಚಿಂದ."

ಅತ್ತೆ ನನ್ನನ್ನು ನೋಡಿದಳು. ನಾನು ಅತ್ತೆಯನ್ನು ನೋಡಿದೆ. ಮೊದಲು ಅವಳ ಭುಜ ಅಲುಗಿತು. ಆಮೇಲೆ ಇಬ್ಬರೂ ನಕ್ಕೆವು. ಬಿಯರ್ ಕಂಬಳಿಯ ಮೇಲೆ ಚೆಲ್ಲಿತು, ಕಣ್ಣೀರು ಬಂತು, ಅತ್ತೆಗೆ ಕೆಮ್ಮು ಹತ್ತಿ ಬೆನ್ನು ನೀವಬೇಕಾಯಿತು.

"ಅಯ್ಯೋ ದ್ಯಾವ್ರೇ," ಅಂದಳು ಏದುಸಿರಿನಲ್ಲಿ, "ಇಬ್ರು ಮೂಗಿಲ್ದೋರು ಕೂತ್ಕೊಂಡು ಎಷ್ಟು ಗಂಭೀರವಾಗಿ ಮೂಸಿದ್ವಲ್ಲೇ!"

ನಗು ಇಳಿಯಿತು. ಅತ್ತೆ ಬೋಗುಣಿಯೊಳಗೆ ನೋಡುತ್ತ ಕೂತಳು.

"ನೀನು ಹೇಳ್ತೀಯ ಅಂತಾನೇ ಮಾಡ್ಸಿದ್ದು," ಅಂದಳು. "ಇನ್ನೊಂದ್ಸಲ ನಿನ್ನ ಬಾಯಿಂದಾದ್ರೂ ಕೇಳಿ ಹೋಗೋಣ ಅಂತಿತ್ತು. ಹೋಗ್ಲಿ ಬಿಡು."

ಅವಳ ಕೈಯಿಂದ ಬೋಗುಣಿ ತೆಗೆದುಕೊಂಡು ಮೇಜಿನ ಮೇಲಿಡಲು ಬಗ್ಗಿದೆ.

"ಹಾಲ್ದೋರ್‌ನ ಕರೀತೀನಿ ಇರು, ಅವನು ಹೇಳ್ತಾನೆ. ಆದ್ರೆ ಅವನಿಗೆ ಹೊಗೆ ತಲೆ ಸುತ್ತೋ ಹಾಗಿರ್ಬೇಕು. ಇದ್ರಲ್ಲಿ ಹದವಾಗಿದೆ, ಹಿಂದೆ ನಿಂತಿದೆ, ಮುಂದಕ್ಕೆ ಬಂದಿಲ್ಲ."

ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದೆ.

"ಏನಂದೆ?" ಅಂದಳು ಅತ್ತೆ.

"ಹಾಲ್ದೋರ್‌ನ ಕರೀತೀನಿ ಅಂದೆ."

"ಅದಲ್ಲ. ಹೊಗೆ ಹಿಂದೆ ನಿಂತಿದೆ ಅಂತ ನಿಂಗ್ಯಾರೇ ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಮೇಜಿನ ಹತ್ತಿರ ವಾಪಸು ಬಂದೆ. ಹೆದರಿಕೆಯಾಯಿತು. ಬಗ್ಗಿದರೆ ವಾಸನೆ ಇಲ್ಲದೆ ಹೋದರೆ? ಬಗ್ಗಿದೆ. ಇತ್ತು. ಅತ್ತು ಬಿಟ್ಟೆ, ಮೂಗು ಕಟ್ಟಿತು, ಅಂಗಿಯ ತೋಳಿನಲ್ಲೇ ಒರೆಸಿಕೊಂಡು ಮತ್ತೆ ಬಗ್ಗಿದೆ. ಇತ್ತು.

"ಸುಳ್ಳು ಹೇಳ್ಬೇಡ ಮತ್ತೆ," ಅಂದಳು ಅತ್ತೆ. ಅವಳ ಧ್ವನಿ ಸಣ್ಣದಾಗಿತ್ತು.

"ಇಲ್ಲ ಅತ್ತೆ."

ಬೋಗುಣಿಯನ್ನು ಅವಳ ತುಟಿಗೆ ಹಿಡಿದೆ. ಅವಳು ಕಣ್ಣು ಮುಚ್ಚಿದಳು.

"ಮೆಲ್ಲಗೆ ಹೇಳು. ನೀನು ಹೇಳಿದ್ಮೇಲೆ ಕುಡೀತೀನಿ."

"ಹೊಗೆ," ಅಂದೆ. "ಬೆಂಕಿ ಆರಿದ ಮಾರನೇ ದಿನದ ಹೊಗೆ."

ಒಂದು ಗುಟುಕು ಕುಡಿದಳು.

"ಜುನಿಪರ್. ಈಗ ತಾನೇ ಮುರಿದ ಕೊಂಬೆ."

ಇನ್ನೊಂದು.

"ಬ್ರೆಡ್ಡಿನ ಅಂಚು. ಒಳಗಡೆ ಜೇನು ಸ್ವಲ್ಪ. ಅದರ ಕೆಳಗೆ ಒದ್ದೆ ಹುಲ್ಲು. ಅದೂ ದಾಟಿದ್ರೆ ಪಾದ್ರಿ ಗೋಡೆಯ ಕಲ್ಲು, ಬಿಸಿಲಿಗೆ ಕಾದಿದ್ದು."

"ಕಲ್ಲಿಗೂ ವಾಸನೆ ಇತ್ತು, ಹೌದು," ಅಂದಳು ಅತ್ತೆ. "ಮರೆತೇಬಿಟ್ಟಿದ್ದೆ. ಹೇಳು, ಇನ್ನೂ ಹೇಳು."

ಬೋಗುಣಿ ಖಾಲಿಯಾಗುವ ತನಕ ಹೇಳಿದೆ.